ಸಂಡೂರಿನಲ್ಲಿ ನೋಡದೆ ಬಿಟ್ಟದ್ದು

ಮುಂಗಾರು ಹಿಡಿದರೆ ಸಾಕು, ಬಳ್ಳಾರಿಯ ಕಂಟೋನ್ಮೆಂಟಿನಿಂದ ಸಂಡೂರಿನ ಕಡೆಗೆ ಭಾನುವಾರದ ಕಾರುಗಳು ಹೊರಡುತ್ತವೆ. ಸುಮಾರು ಐವತ್ತು ಕಿಲೋಮೀಟರ್ ಹೋದರೆ ಬಿಸಿಲುಸೀಮೆಯ ನಡುವೆ ಹಸಿರು ಬೆಟ್ಟಗಳು ಸುತ್ತುವರಿದ ಕಣಿವೆ ಸಿಗುತ್ತದೆ. 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂಬುದು ಜನಜನಿತ. ಈಗ ಈ ತಿರುಗಾಟಕ್ಕೆ ಪಾರಂಪರಿಕ ಪ್ರವಾಸವೆಂಬ ಹೆಸರೂ ಬಂದಿದೆ: ಬೆಳಿಗ್ಗೆ ಕುಮಾರಸ್ವಾಮಿ ಗುಡಿ, ಮಧ್ಯಾಹ್ನ ನಾರಿಹಳ್ಳ, ಸಂಜೆ ರಾಮಗಡದ ಮಂಜು. ಕಣ್ಣಿಗೆ ಇದು ಹಬ್ಬವೇ. ಆದರೆ ಪರಂಪರೆಯ ಹೆಸರು ಹೊತ್ತ ಪ್ರವಾಸ ಆ ನೆಲದಲ್ಲಿ ದುಡಿದವರನ್ನೂ ಕಾಣಿಸಬೇಕು. ಈಗಿನ ಕ್ರಮ ಸೋಲುವುದು ಅಲ್ಲಿಯೇ.

ರಾಮಗಡವನ್ನೇ ತೆಗೆದುಕೊಳ್ಳೋಣ. ಮೂರು ಸಾವಿರ ಅಡಿಗೂ ಎತ್ತರದ ಈ ಬೆಟ್ಟದ ನೆತ್ತಿ ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರ ಆರೋಗ್ಯಧಾಮವಾಗಿತ್ತು. ಸಂಡೂರಿನ ಅರಸರಿಂದ ಜಾಗ ಪಡೆದು ಅಲ್ಲಿ ಬಂಗಲೆಗಳನ್ನು ಕಟ್ಟಿದರು. ಹಾಗಾಗಿ ಕಂಟೋನ್ಮೆಂಟಿನ ಚರಿತ್ರೆಯ ಒಂದು ಪುಟ ಆ ಬೆಟ್ಟದ ಮೇಲಿದೆ. ಪಾಳುಬಿದ್ದ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ನಮ್ಮೂರಿನವರಿಗೆ ಇಷ್ಟನ್ನೂ ಯಾರೂ ಹೇಳುವುದಿಲ್ಲ.

ಗುಡಿಯ ವಿಚಾರದಲ್ಲಿ ಹೇಳುವುದೂ ಅರ್ಧವೇ. ಸಂಡೂರು ಸಂಸ್ಥಾನವು 1932ರಲ್ಲಿ ಕುಮಾರಸ್ವಾಮಿ ದೇವಾಲಯವನ್ನು ದಲಿತರಿಗೆ ತೆರೆದದ್ದು ಆ ಕಾಲಕ್ಕೆ ದೊಡ್ಡ ನಡೆ. ಗಾಂಧೀಜಿ ಅದನ್ನು ಮೆಚ್ಚಿದರು. ಈ ಹೆಮ್ಮೆಯನ್ನು ಹೇಳಲೇಬೇಕು. ಅದೇ ದೇವರ ದರ್ಶನಕ್ಕೆ ಹೆಂಗಸರಿಗೆ ಸಂಪ್ರದಾಯದ ತಡೆ ಇದ್ದುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಪಕ್ಕದ ಪಾರ್ವತಿ ಗುಡಿಯ ಪ್ರಾಚೀನ ಶಿಲ್ಪವನ್ನು ಹೊಗಳಿ ಮುಂದೆ ಸಾಗುವುದರಿಂದ ಆ ಪ್ರಶ್ನೆ ತೀರುವುದಿಲ್ಲ.

ಕಣಿವೆಯ ಬಹು ದೊಡ್ಡ ಸಂಪತ್ತು ಲಂಬಾಣಿ ಹೆಣ್ಣುಮಕ್ಕಳ ಕೈಯಲ್ಲಿದೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ದಖನ್ನಿನ ಸೈನ್ಯಗಳಿಗೆ ಮುಟ್ಟಿಸುತ್ತಿದ್ದ ಸಮುದಾಯವಿದು. ರೈಲು ಬಂದ ಮೇಲೆ ಆ ಕಸುಬು ಕುಸಿಯಿತು. ತಾಂಡಾಗಳಲ್ಲಿ ಉಳಿದುಬಂದ ಕಸೂತಿಗೆ 1980ರ ದಶಕದಿಂದ ಸಂಡೂರು ಕುಶಲ ಕಲಾ ಕೇಂದ್ರ ಆಸರೆಯಾಯಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಕನ್ನಡಿಯ ಸುತ್ತ ದಾರವನ್ನು ಬಿಗಿದು, ಕವಡೆ ಕೂರಿಸಿ, ಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವಾಗ ಅಂದಾಜಿಗೆ ಬರುವುದು ಕಣ್ಣು ಮತ್ತು ಬೆರಳು ಮಾತ್ರ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಈ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಕಲೆಗೆ ಪ್ರವಾಸಿಗಳು ಕೊಡುವುದು ಹತ್ತು ನಿಮಿಷ, ಅದೂ ಚೌಕಾಸಿಗೆ. ಒಂದು ಚೀಲಕ್ಕೆ ಎಷ್ಟು ದಿನ ಹಿಡಿಯಿತು, ಹೊಲಿದಾಕೆಗೆ ಎಷ್ಟು ಸಿಕ್ಕಿತು ಎಂದು ಕೇಳದೆ ಕೊಂಡ ವಸ್ತುವಿನಲ್ಲಿ ಪರಂಪರೆ ಎಷ್ಟು ಉಳಿದೀತು?

ಇನ್ನು ಗಣಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ದಾಟಿಯೇ ಹೋಗುತ್ತೇವೆ, ಅದಿರಿನ ಕೆಂಧೂಳು ಮರಗಳ ಮೇಲೆ ಕೂತದ್ದನ್ನು ಕಾಣುತ್ತೇವೆ. ಪ್ರವಾಸದ ಮಾತಿನಲ್ಲಿ ಮಾತ್ರ ಗಣಿ ಇಲ್ಲ. ಅಕ್ರಮ ಗಣಿಗಾರಿಕೆ ಈ ಬೆಟ್ಟಗಳನ್ನು ಬಗೆದು, 2011ರಲ್ಲಿ ಲೋಕಾಯುಕ್ತ ವರದಿ ಹೊರಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದು ನಮ್ಮ ಕಣ್ಣೆದುರಿನ ಚರಿತ್ರೆ. ಉಳಿದ ಹಸಿರಿನ ಬೆಲೆ ತಿಳಿಯಬೇಕಾದರೆ ಹೋದ ಹಸಿರನ್ನೂ ತೋರಿಸಬೇಕು.

ಈ ಪ್ರವಾಸವನ್ನು ಕೈಬಿಡಬೇಕಿಲ್ಲ, ತಿದ್ದಬೇಕು. ಕಥೆ ಕಂಟೋನ್ಮೆಂಟಿನಲ್ಲೇ ಶುರುವಾಗಲಿ. ಅರ್ಧ ದಿನ ಕುಶಲ ಕಲಾ ಕೇಂದ್ರಕ್ಕೆ ಮೀಸಲಿರಲಿ. ತಾಂಡಾದ ಹೆಣ್ಣುಮಕ್ಕಳೇ ಕೂಲಿ ಪಡೆದು ಹೊಲಿಗೆ ಕಲಿಸಲಿ. ಗಣಿಯಲ್ಲಿ ದುಡಿದವರೊಬ್ಬರು ಬೆಟ್ಟ ಹತ್ತಿಸಿ ಮಾತನಾಡಲಿ. ಆಗ ಈ ಪ್ರವಾಸಕ್ಕೆ ಸೆಪ್ಟೆಂಬರಿನ ಮಳೆಯನ್ನು ಕಾಯುವ ಅಗತ್ಯವಿಲ್ಲ. ನಡುಬೇಸಿಗೆಯಲ್ಲೂ ಸಂಡೂರಿನಲ್ಲಿ ನೋಡುವುದಕ್ಕೆ, ಕೇಳುವುದಕ್ಕೆ ಬೇಕಾದಷ್ಟಿದೆ.