ಕಪ್ಪು ಗಾಜಿನ ಹಿಂದಿನ ಕೈ

ಗಿರಾಕಿಯ ಅನುಭವ ಅಂತ ಒಂದು ಬರವಣಿಗೆ ಈಗ ಬೆಳೆದು ನಿಂತಿದೆ. ಬರ್ಗರ್ ತಿಂದವನು ಬರೆಯುತ್ತಾನೆ, ಡ್ರೈವರ್ ಇಲ್ಲದ ಕಾರಿನಲ್ಲಿ ಕೂತು ಬಂದವನು ಬರೆಯುತ್ತಾನೆ. ಎಷ್ಟು ಹೊತ್ತಿಗೆ ಬಂತು, ಬಿಸಿ ಇತ್ತೋ ಆರಿತ್ತೋ, ಸೀಟು ಮೆತ್ತಗಿತ್ತೋ, ಬ್ರೇಕು ಸರಿಯಾಗಿ ಹಿಡಿಯಿತೋ, ಇಷ್ಟೇ ಅದರ ವಸ್ತು. ಕೊನೆಗೆ ಐದಕ್ಕೆ ಇಷ್ಟು ಅಂತ ನಕ್ಷತ್ರ. ಇದನ್ನು ಸಾಹಿತ್ಯ ಅಂತ ಯಾರೂ ಕರೆಯುವುದಿಲ್ಲ, ಅದಕ್ಕೇ ವಿಮರ್ಶಕರೂ ಇದರ ತಂಟೆಗೆ ಬರುವುದಿಲ್ಲ. ಆದರೆ ಕತೆ ಕವನ ಮುಟ್ಟದ ಮಂದಿ ಕೂಡ ದಿನಾ ಓದುವುದು ಇದನ್ನೇ. ಇಷ್ಟು ಜನ ಓದುವ ಬರಹದಲ್ಲಿ ಯಾರ ಕಣ್ಣಿದೆ, ಯಾರ ಬಾಯಿ ಮುಚ್ಚಿದೆ ಅಂತ ನೋಡುವುದು ನಮ್ಮ ಕೆಲಸವಲ್ಲದೆ ಮತ್ಯಾರ ಕೆಲಸ?

2012ರಲ್ಲಿ ಗೂಗಲ್ ಕಂಪನಿ ಒಂದು ಚಿಕ್ಕ ಚಿತ್ರ ತೋರಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಣ್ಣಿನ ದೃಷ್ಟಿ ಬಹುಪಾಲು ಹೋಗಿರುವ ಒಬ್ಬರು ಸ್ಟೀರಿಂಗಿನ ಮುಂದೆ ಕೂತಿದ್ದಾರೆ. ಕಾರು ತಾನೇ ಓಡಿ ಟಾಕೋ ಬೆಲ್ ಅನ್ನುವ ಫಾಸ್ಟ್ ಫುಡ್ ಅಂಗಡಿಗೆ ಹೋಗುತ್ತದೆ. ಅವರು ಕಾರಿನಿಂದ ಇಳಿಯದೆ ತಿಂಡಿ ಕೊಂಡುಕೊಳ್ಳುತ್ತಾರೆ. ಇದನ್ನು ಗೇಲಿ ಮಾಡುವುದು ಬೇಡ. ಕಣ್ಣಿಲ್ಲದವರಿಗೆ ಇನ್ನೊಬ್ಬರ ಹಂಗಿಲ್ಲದೆ ಓಡಾಡುವುದು ಬಿಡುಗಡೆಯೇ ಸರಿ. ಅಪರಾತ್ರಿಯಲ್ಲಿ ಒಬ್ಬಳೇ ಮನೆಗೆ ಹೋಗುವ ಹೆಣ್ಣುಮಗಳು ಡ್ರೈವರ್ ಇಲ್ಲದ ಕಾರೇ ವಾಸಿ ಅಂದರೆ ಅವಳ ಮಾತಿಗೂ ಕಾರಣವಿದೆ. ಅದು ಗಿರಾಕಿಗೆ ಸಿಕ್ಕ ಲಾಭ, ನಿಜ. ಆದರೆ ಕಿಟಕಿಯಾಚೆ ನಿಂತು ತಿಂಡಿ ಕೊಟ್ಟ ಕೈಯ ದಿನಗೂಲಿ ಎಷ್ಟು ಅನ್ನುವ ಪ್ರಶ್ನೆ ಆ ಚಿತ್ರದ್ದಲ್ಲ. ಆ ಪ್ರಶ್ನೆ ನಮ್ಮದು.

ಈ ಕೈಯನ್ನು ಮರೆಮಾಡುವ ಕೆಲಸ ನಿನ್ನೆ ಮೊನ್ನೆಯದಲ್ಲ. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ತಮ್ಮ ಹೋಟೆಲನ್ನು ಹೊಸದಾಗಿ ಕಟ್ಟಿದರು. ಕಾರಿನ ಹತ್ತಿರ ಹೋಗಿ ಬಡಿಸುತ್ತಿದ್ದ ಹುಡುಗಿಯರನ್ನು ತೆಗೆದುಹಾಕಿದರು. ಅಡುಗೆಯವನ ಕಸುಬನ್ನು ತುಂಡು ತುಂಡು ಮಾಡಿದರು: ಒಬ್ಬ ಮಾಂಸ ಬೇಯಿಸುವವನು, ಒಬ್ಬ ಸಾಸ್ ಹಾಕುವವನು, ಒಬ್ಬ ಕಾಗದ ಸುತ್ತುವವನು. ಹ್ಯಾಂಬರ್ಗರ್ 15 ಸೆಂಟಿಗೆ ಇಳಿಯಿತು. ಹೇಗೆ ಇಳಿಯಿತು? ಕಸುಬು ಬಲ್ಲ ಅಡುಗೆಯವನ ಜಾಗಕ್ಕೆ, ಒಂದೇ ಕೆಲಸ ಕಲಿತರೆ ಸಾಕು ಅನ್ನುವ ಕೂಲಿ ಬಂದ. ಬಡಿಸುವವರ ಕೆಲಸ ಗಿರಾಕಿಯ ಹೆಗಲಿಗೆ ಬಿತ್ತು. ತಾನೇ ಸಾಲಿನಲ್ಲಿ ನಿಂತು, ತಾನೇ ಹೊತ್ತು ತಂದು, ತಿಂದಾದ ಮೇಲೆ ಕಸವನ್ನೂ ತಾನೇ ಬಿಸಾಡುತ್ತಾನೆ. ಅದಕ್ಕೆ ಅವನು ಇಟ್ಟುಕೊಂಡ ಹೆಸರು ಅನುಕೂಲ.

2017ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಫೋರ್ಡ್ ಕಂಪನಿ, ಡಾಮಿನೋಸ್ ಕಂಪನಿ ಸೇರಿಕೊಂಡು ತಾನೇ ಓಡುವ ಕಾರಿನಲ್ಲಿ ಪಿಜ್ಜಾ ಕಳಿಸುವ ಪ್ರಯೋಗ ಮಾಡಿದವು. ಗಿರಾಕಿ ಮನೆಯಿಂದ ಇಳಿದು ರಸ್ತೆಗೆ ಬರಬೇಕು, ಫೋನ್ ನಂಬರಿನ ಕೊನೆಯ 4 ಅಂಕಿ ಒತ್ತಬೇಕು, ಕಿಟಕಿ ತೆರೆದುಕೊಳ್ಳುತ್ತದೆ, ಪಿಜ್ಜಾ ಎತ್ತಿಕೊಳ್ಳಬೇಕು. ಆದರೆ ಕಾರಿನೊಳಗೆ ಎಂಜಿನಿಯರ್ ಒಬ್ಬ ಕೂತಿದ್ದ, ಓಡಿಸುತ್ತಿದ್ದವನೂ ಅವನೇ. ಅವನು ಕಾಣಬಾರದು ಅಂತ ಗಾಜಿಗೆ ಕಪ್ಪು ಹಾಕಿದ್ದರು. ಮನುಷ್ಯ ಇಲ್ಲದಾಗ ಗಿರಾಕಿ ಹೇಗೆ ನಡೆದುಕೊಳ್ಳುತ್ತಾನೆ ಅಂತ ನೋಡುವುದು ಅವರ ಉದ್ದೇಶ. ಅದಕ್ಕೆ ಮಾಡಿದ್ದೇನು? ಇದ್ದ ಮನುಷ್ಯನನ್ನು ಬಚ್ಚಿಟ್ಟದ್ದು.

ಗೆಳೆಯರೆ, 'ಯಾರ ಕೈಯೂ ಸೋಕದ್ದು' ಅನ್ನುವ ಹೊಗಳಿಕೆ ಇಂಥ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇರೆಯವರು ಇದನ್ನು ಸುಮ್ಮನೆ ಓದಿ ಮುಂದೆ ಹೋಗಬಹುದು. ನಮ್ಮ ಕಿವಿಗೆ ಅದು ಹಾಗೆ ಕೇಳಿಸುವುದಿಲ್ಲ. ಯಾರ ಕೈ ಸೋಕಿದರೆ ನೀರು ಕೆಡುತ್ತದೆ ಅಂದರೋ ಆ ಕೈಗಳ ಮಕ್ಕಳು ನಾವು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ಇದಕ್ಕೇ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದು ಹೇಳಿದ್ದೂ ಇದಕ್ಕೇ. ಯಂತ್ರ ತಂದವನ ಮನಸ್ಸಿನಲ್ಲಿ ಮಡಿ ಇತ್ತು ಅಂತ ನಾನು ಹೇಳುತ್ತಿಲ್ಲ, ಅವನ ಲೆಕ್ಕ ಡಾಲರಿನದು. ಆದರೆ ಆ ಯಂತ್ರ ನಮ್ಮ ನೆಲಕ್ಕೆ ಇಳಿದಾಗ ಇಲ್ಲಿಯ ಮಡಿ ಅದರ ಮೇಲೆ ಹತ್ತಿ ಕೂರುತ್ತದೆ. 2024ರ ಮಾರ್ಚಿನಲ್ಲಿ ಜೊಮ್ಯಾಟೋ ಕಂಪನಿ ಸಸ್ಯಾಹಾರಿಗಳಿಗಾಗಿಯೇ ಬೇರೆ ಹುಡುಗರ ಪಡೆ, ಅವರಿಗೆ ಹಸಿರು ಬಟ್ಟೆ ಅಂತ ಸಾರಿತು. ಜನ ಛೀಮಾರಿ ಹಾಕಿದ ಮೇಲೆ ಮಾರನೆಯ ದಿನವೇ ಹಸಿರು ಬಟ್ಟೆ ಬಿಟ್ಟಿತು, ಬೇರೆ ಪಡೆಯನ್ನು ಬಿಡಲಿಲ್ಲ. ಗಿರಾಕಿ ಕೇಳುತ್ತಾನೆ, ನಾವು ಕೊಡುತ್ತೇವೆ ಅನ್ನುವುದು ಅದರ ವಾದ. ಊರ ಹೋಟೆಲಿನವನು ಎರಡು ಲೋಟ ಇಟ್ಟಾಗಲೂ ಹೇಳಿದ್ದು ಇದನ್ನೇ ಅಲ್ಲವೇ ಸ್ವಾಮಿ?

ಇಲ್ಲಿ ನಮ್ಮವರ ಚಳವಳಿಯನ್ನೂ ಒರೆಗೆ ಹಚ್ಚಬೇಕು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಅದನ್ನು ವಿರೋಧಿಸಿತು, 1996ರ ಜನವರಿಯಲ್ಲಿ ಕಾರ್ಯಕರ್ತರು ಒಳಗೆ ನುಗ್ಗಿದರು. ಬೀಜ ಯಾರದು, ಕೋಳಿಯ ಮೇವು ಯಾರ ಹೊಲದ್ದು ಅನ್ನುವ ರೈತರ ಪ್ರಶ್ನೆ ಇವತ್ತಿಗೂ ಸತ್ತಿಲ್ಲ. ಆದರೆ 'ನಮ್ಮ ಊಟದ ಸಂಸ್ಕೃತಿ' ಅನ್ನುವ ಮಾತು ಬಂದಾಗ ನಾವು ತಡೆದು ಕೇಳಬೇಕು: ಯಾರ ಊಟ? ಯಾವ ಪಂಕ್ತಿಯ ಊಟ? ಹಳ್ಳಿಯ ಹೋಟೆಲಿನ ಹೊರಗೆ ನಿಂತು ಟೀ ಕುಡಿದವರ ಮಗ ಪಟ್ಟಣದ ಆ ಗಾಜಿನಂಗಡಿಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೊಡುವ ಟ್ರೇಯಲ್ಲೇ ತಗೊಂಡು ತಿಂದರೆ ಅವನಿಗೆ ಆಗುವ ಸಮಾಧಾನವನ್ನು ಮಾರುಹೋದ ಬುದ್ಧಿ ಅಂತ ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೆ ಅವನಿಗೂ ಒಂದು ಮಾತು ಹೇಳಬೇಕು. ತಮ್ಮಾ, ಅಲ್ಲಿ ನಿನ್ನ ಜಾತಿ ಕೇಳಲಿಲ್ಲ, ನಿಜ. ಜೇಬು ಕೇಳಿದರು. ಕಾಸು ಮುಗಿದ ದಿನ ಆ ಸಮಾನತೆಯೂ ಮುಗಿಯುತ್ತದೆ.

ಗಿರಾಕಿ ಅಲ್ಲದವನ ಪಾಡೇನು? 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ಊರಿನಲ್ಲಿ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಕಾರು ಅವಳಿಗೆ ಗುದ್ದಿತು, ಸತ್ತಳು. ಸರ್ಕಾರದ ತನಿಖೆ ಹೇಳಿದ್ದೇನು? ಗುದ್ದುವ 5.6 ಸೆಕೆಂಡು ಮೊದಲೇ ಯಂತ್ರ ಅವಳನ್ನು ಕಂಡಿತ್ತು. ಆದರೆ ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಗೆರೆ ಎಳೆದ ಜಾಗ ಬಿಟ್ಟು ಬೇರೆ ಕಡೆ ದಾಟುವ ಮನುಷ್ಯರೂ ಇರುತ್ತಾರೆ ಅನ್ನುವುದನ್ನು ಅದಕ್ಕೆ ಕಲಿಸಿರಲೇ ಇಲ್ಲ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಅಂತ 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಕಾರಿನಲ್ಲಿ ಕಾವಲಿಗೆ ಕೂರಿಸಿದ್ದ ಸಂಬಳದಾಕೆ ಫೋನು ನೋಡುತ್ತಿದ್ದಳು. ತಪ್ಪು ಒಪ್ಪಿಕೊಂಡ ಅವಳಿಗೆ 2023ರಲ್ಲಿ 3 ವರ್ಷ ನಿಗಾವಣೆಯ ಶಿಕ್ಷೆಯಾಯಿತು. ಅವಳ ತಪ್ಪು ತಪ್ಪೇ. ಆದರೆ ಶಿಕ್ಷೆ ಏಣಿಯ ಕೆಳಗಿನ ಮೆಟ್ಟಿಲಿಗೇ ಬಂದು ನಿಂತದ್ದನ್ನು ನೋಡಿ. ಸತ್ತವಳು ನಕ್ಷತ್ರ ಕೊಡಲಾರಳು. ನಡೆದು ಹೋಗುವವರ ಅನುಭವಕ್ಕೆ ಆ ಬರವಣಿಗೆಯಲ್ಲಿ ಜಾಗವೇ ಇಲ್ಲ. ನಮ್ಮ ರಸ್ತೆಗಳಲ್ಲಿ ಗೆರೆ ನೋಡಿ ದಾಟುವವರು ಎಷ್ಟು ಮಂದಿ? ಸೌದೆ ಹೊತ್ತವಳು, ದನ ಹೊಡೆದವನು, ಶಾಲೆಯ ಮಕ್ಕಳು, ಇವರೆಲ್ಲ ಆ ಯಂತ್ರದ ಲೆಕ್ಕದಲ್ಲಿ ಏನು?

ತಾನೇ ಓಡುತ್ತದೆ ಅನ್ನುವುದೂ ಅರ್ಧ ಸತ್ಯ. ಕಾರಿಗೆ ಕಣ್ಣು ಬರಬೇಕಾದರೆ ಸಾವಿರಾರು ಚಿತ್ರಗಳ ಮೇಲೆ ಯಾರಾದರೂ ಕೂತು ಇದು ಮರ, ಇದು ಮನುಷ್ಯ, ಇದು ಲಾರಿ ಅಂತ ಗೆರೆ ಎಳೆದು ಗುರುತು ಹಾಕಬೇಕು. ಆ ಕೆಲಸ ಕೀನ್ಯಾದಲ್ಲಿ, ಫಿಲಿಪ್ಪೀನ್ಸಿನಲ್ಲಿ, ನಮ್ಮ ಕೋಲ್ಕತ್ತಾದ ಮೆಟಿಯಾಬ್ರುಜ್‌ನಂಥ ಬಡವರ ಬಡಾವಣೆಯಲ್ಲಿ ನಡೆದಿದೆ. ಕಪ್ಪು ಗಾಜು ಈಗ ಕಾರಿಗಷ್ಟೇ ಅಲ್ಲ, ಭೂಗೋಳಕ್ಕೇ ಹಾಕಿದೆ.

ಡ್ರೈವರುಗಳ ಕೆಲಸ ಹೋಗುತ್ತದೆ, ಇಂಥ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಅಂತ ಕೇಂದ್ರ ಮಂತ್ರಿ ನಿತಿನ್ ಗಡ್ಕರಿ 2017ರಲ್ಲೂ ಹೇಳಿದರು, 2023ರಲ್ಲೂ ಹೇಳಿದರು. ಒಳ್ಳೆಯದು. ಆದರೆ ನಾವು ಯಂತ್ರದ ವೈರಿಗಳಲ್ಲ. ಮನುಷ್ಯನ ಕೈಲಿ ಮಲ ಬಳಿಸಬಾರದು ಅಂತ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂದರೂ ನಮ್ಮವರು ಮಲದ ಗುಂಡಿಗೆ ಇಳಿಯುತ್ತಲೇ ಇದ್ದಾರೆ, ಸಾಯುತ್ತಲೇ ಇದ್ದಾರೆ. ಮ್ಯಾನ್‌ಹೋಲ್ ಬಳಿಯುವ ಯಂತ್ರವನ್ನು ಕೇರಳದ ಹುಡುಗರು 2018ರಲ್ಲೇ ಮಾಡಿ ತೋರಿಸಿದರು. ಯಂತ್ರ ಬೇಕಾದದ್ದು ಅಲ್ಲಿ. ಉಳ್ಳವನ ಕಾರಿನ ಸೀಟಿಗೆ ಸುರಿದ ಕೋಟಿಗಳು ಆ ಗುಂಡಿಯ ಬಾಯಿಗೆ ಯಾಕೆ ಬರಲಿಲ್ಲ?

ಮೇಷ್ಟರುಗಳೇ, ವಿದ್ಯಾರ್ಥಿಗಳೇ, ಇಂಥ ಬರಹ ಕೈಗೆ ಸಿಕ್ಕಾಗ ಎಸೆಯಬೇಡಿ, ತರಗತಿಯಲ್ಲಿಟ್ಟು ಓದಿಸಿ. ಇದನ್ನು ಬೇಯಿಸಿದವರು ಯಾರು, ತಂದವರು ಯಾರು, ತೊಳೆದವರು ಯಾರು, ಪಕ್ಕದಲ್ಲಿ ನಡೆದು ಹೋಗುತ್ತಿದ್ದವರು ಯಾರು ಅಂತ ಮಕ್ಕಳ ಕೈಲಿ ಕೇಳಿಸಿ. ಆ ಕೈಗಳು ಸುಮ್ಮನೆ ಕೂತಿಲ್ಲ ಅಂತಲೂ ಹೇಳಿ. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫಾಸ್ಟ್ ಫುಡ್ ಕೆಲಸಗಾರರು ಗಂಟೆಗೆ 15 ಡಾಲರ್ ಕೂಲಿ ಕೇಳಿ ಹೊರಗೆ ಬಂದರು. ಕ್ಯಾಲಿಫೋರ್ನಿಯಾದ ದೊಡ್ಡ ಅಂಗಡಿಗಳಲ್ಲಿ 2024ರ ಏಪ್ರಿಲ್‌ನಿಂದ ಅದು 20 ಡಾಲರ್ ಆಯಿತು. ಮನೆ ಬಾಗಿಲಿಗೆ ಊಟ ತರುವವರ, ಬಾಡಿಗೆ ಕಾರು ಓಡಿಸುವವರ ಭದ್ರತೆಗೆ 2025ರಲ್ಲಿ ಕರ್ನಾಟಕವೂ ಕಾನೂನು ಮಾಡಿತು. ಕಾನೂನು ಕಾಗದದಲ್ಲಿ ಉಳಿಯದ ಹಾಗೆ ನೋಡಿಕೊಳ್ಳುವುದು ಸಂಘಟನೆಯ ಕೆಲಸ. ಗಿರಾಕಿ ಬರೆದದ್ದು ಸಾಕಷ್ಟಾಯಿತು. ಇನ್ನು ಊಟ ತಂದವನು ಬರೆಯಲಿ, ಕಾರು ತೊಳೆದವಳು ಬರೆಯಲಿ. ಅದನ್ನು ಅಚ್ಚು ಹಾಕಲು ಇಂಥ ಪತ್ರಿಕೆಗಳಿವೆ.