ದರ್ಶನಕ್ಕುಂಟು, ಓದಿಗಿಲ್ಲ

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂದೂ ಹೆಸರುಂಟು. ಒಂಬತ್ತನೆಯ ಶತಮಾನದಲ್ಲಿ ವೀರಸೇನ, ಜಿನಸೇನರು ರಚಿಸಿದ ಧವಲ, ಜಯಧವಲ ಟೀಕೆಗಳ ತಾಳೆಗರಿಯ ಪ್ರತಿಗಳು, ಮಹಾಧವಲದೊಡನೆ, ಶತಮಾನಗಳ ಕಾಲ ಅಲ್ಲಿ ಭದ್ರವಾಗಿದ್ದವು. ಎಷ್ಟು ಭದ್ರವೆಂದರೆ, ದೂರದಿಂದ ಬಂದ ಯಾತ್ರಿಕರು ಆ ಗ್ರಂಥಗಳಿಗೆ ಕೈಮುಗಿಯಬಹುದಾಗಿತ್ತು, ಕಾಣಿಕೆಯಿಡಬಹುದಾಗಿತ್ತು, ಓದುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿ, ಸೊಲ್ಲಾಪುರಗಳ ಕಡೆಯ ಶ್ರಾವಕರು ಪಟ್ಟು ಹಿಡಿದು ಪ್ರತಿ ಮಾಡಿಸಲು ಒಪ್ಪಿಗೆ ಪಡೆದರು. ಪ್ರತಿಯೇನೋ ಆಗಲಿ, ಆದರೆ ಅದೂ ಮೂಡಬಿದಿರೆಯ ಹೊರಗೆ ಹೋಗಕೂಡದು ಎಂಬ ಕಟ್ಟುಪಾಡು. ಪ್ರತಿ ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬರೆದಿಟ್ಟುಕೊಂಡರು. ಪತ್ನಿ ಲಕ್ಷ್ಮೀಬಾಯಿ ಜತೆಗೆ ಕುಳಿತು ನೆರವಾದರು. ಆ ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಯ ಪ್ರತಿಗಳಾದವು. 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲ ಅಚ್ಚಾಗತೊಡಗಿ 16 ಸಂಪುಟಗಳಲ್ಲಿ ಲೋಕದ ಕೈಗೆ ಬಂತು. ಮುಂದೆ ಮೂಡಬಿದಿರೆಯವರೇ ಮೂಲದೊಡನೆ ತಾಳೆ ನೋಡಲು ಅನುವು ಮಾಡಿಕೊಟ್ಟರೆಂಬುದನ್ನೂ ಹೇಳಬೇಕು. ಶಾಸ್ತ್ರಿಗಳು ಮಾಡಿದ್ದು ಸರಿಯೆ, ತಪ್ಪೆ? ಅಚ್ಚಾದ ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು ಓದುವವರು ಆ ಪ್ರಶ್ನೆಯನ್ನು ಮೆಲ್ಲಗೆ ಬದಿಗಿಡುತ್ತಾರೆ.

ನಮ್ಮ ಬಂಟ್ವಾಳದಿಂದ ಹೆಚ್ಚು ದೂರವಿಲ್ಲದ ಆ ಬಸದಿಯ ಕಥೆ ಮತ್ತೆ ನೆನಪಾದದ್ದು ಬೇರೊಂದು ಭಂಡಾರದ ಬರಹಗಳನ್ನು ಓದುತ್ತಿದ್ದಾಗ. ಅದು ಭಾರತೀಯ ರಿಸರ್ವ್ ಬ್ಯಾಂಕು. ಸಾಹಿತ್ಯದ ಪುಟದಲ್ಲಿ ಬ್ಯಾಂಕಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಿಯಾರು. ಆದರೆ ಈ ಸಂಸ್ಥೆ ಬರೆಯುವಷ್ಟು ಗದ್ಯವನ್ನು ನಮ್ಮ ದೇಶದಲ್ಲಿ ಕೆಲವೇ ಸಂಸ್ಥೆಗಳು ಬರೆಯುತ್ತವೆ; ಆ ಗದ್ಯದ ಮೇಲೆ ನಮ್ಮ ಅನ್ನವೂ ನಿಂತಿದೆ. ಹೀಗಿರುವಾಗ ಅದನ್ನು ಗದ್ಯವೆಂದೇ ಓದಿ ಬೆಲೆ ಕಟ್ಟುವುದು ಅಧಿಕಪ್ರಸಂಗವಾಗಲಾರದು. ‘ಬ್ಯಾಂಕು ಬಾಯಿಬಿಡಲಿ’ ಎಂಬ ಸಾರ್ವಜನಿಕರ ಒತ್ತಾಯ ಎರಡು ದಶಕಗಳಿಂದ ಬಲವಾಗುತ್ತಿದೆ. ಬ್ಯಾಂಕು ಬಾಯಿ ಬಿಟ್ಟೂ ಇದೆ. ಬಿಟ್ಟ ಬಾಯಿಂದ ಬಂದದ್ದೇನು ಎಂಬುದು ವಿಮರ್ಶಕನ ಪ್ರಶ್ನೆ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಬ್ಯಾಂಕು ತನ್ನ ಚರಿತ್ರೆಯನ್ನು ತಾನೇ ಬರೆಯಿಸಿ ಪ್ರಕಟಿಸಿದೆ. 1935ರಿಂದ 1951ರವರೆಗಿನ ಮೊದಲ ಸಂಪುಟ 1970ರಲ್ಲಿ ಬಂತು. 1951ರಿಂದ 1967ರವರೆಗಿನ ಎರಡನೆಯದು, ಜಿ. ಬಾಲಚಂದ್ರನ್ ಎಂಬ ಇತಿಹಾಸಕಾರರ ಕೈಯಿಂದ, 1998ರಲ್ಲಿ. ಈ ಎರಡನೆಯ ಸಂಪುಟ ಕಚೇರಿಯ ವರದಿಯಲ್ಲ, ಗ್ರಂಥ. ಇದರಲ್ಲಿ ಮನುಷ್ಯರಿದ್ದಾರೆ, ಅವರಿಗೆ ಸಿಟ್ಟು ಬರುತ್ತದೆ, ಒಬ್ಬರ ಮಾತು ಇನ್ನೊಬ್ಬರಿಗೆ ನಾಟುತ್ತದೆ.

ನಮ್ಮ ಜಿಲ್ಲೆಯವರು ಓದಲೇಬೇಕಾದ ಪ್ರಸಂಗವೊಂದು ಅದರಲ್ಲಿದೆ. 1949ರಿಂದ 1957ರವರೆಗೆ ಗವರ್ನರಾಗಿದ್ದ ಬೆನಗಲ್ ರಾಮರಾಯರು ದಕ್ಷಿಣ ಕನ್ನಡದ ಸಾರಸ್ವತ ಮನೆತನದವರು. ಸಂವಿಧಾನದ ಕರಡಿಗೆ ಅಡಿಪಾಯ ಹಾಕಿದ ಬಿ. ಎನ್. ರಾಯರ ತಮ್ಮ. ಅಷ್ಟು ದೀರ್ಘಕಾಲ ಆ ಪೀಠದಲ್ಲಿ ಕುಳಿತವರು ಇವರೊಬ್ಬರೇ. 1956ರ ನವೆಂಬರ್ ಕೊನೆಗೆ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಣ ಮುದ್ರಾಂಕ ಶುಲ್ಕವನ್ನು ಏರಿಸುವ ಸೂಚನೆ ತಂದರು. ಹೊರನೋಟಕ್ಕೆ ಅದು ತೆರಿಗೆ. ಒಳಗೆ ನೋಡಿದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ತರುವ ಸಾಲದ ದರವನ್ನೇ ಏರಿಸಿದಂತೆ. ದರವನ್ನು ಗೊತ್ತುಮಾಡುವುದು ತನ್ನ ಕೆಲಸವೆಂದು ರಾಮರಾಯರ ನಿಲುವು. ಮಾತು ಬೆಳೆಯಿತು. ರಿಸರ್ವ್ ಬ್ಯಾಂಕು ಅರ್ಥ ಇಲಾಖೆಯ ಒಂದು ವಿಭಾಗವಷ್ಟೆ ಎಂಬ ಧಾಟಿಯಲ್ಲಿ ಸಚಿವರು ಮಾತನಾಡಿದರು. ಜಗಳ ಸಂಸತ್ತಿನ ತನಕ ಹೋಯಿತು. ನೆಹರೂ ಸಚಿವರ ಪಕ್ಷ ವಹಿಸಿ ಪತ್ರ ಬರೆದರು: ಬ್ಯಾಂಕಿಗೆ ಗೌರವವುಂಟು, ಆದರೆ ಅದು ಸರಕಾರದ ಕಾರ್ಯಗಳಲ್ಲಿ ಒಂದು ಭಾಗ ಎಂಬುದು ಅದರ ತಾತ್ಪರ್ಯ. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆಯಿತ್ತರು.

ಈ ಭಾಗವನ್ನು ಓದುವಾಗ ಒಂದು ಒಳ್ಳೆಯ ಕಾದಂಬರಿಯ ಸುಖವುಂಟು. ಯಾರೂ ಖಳರಲ್ಲ. ಚುನಾಯಿತ ಸರಕಾರದ ಮಾತು ಕೊನೆಗೆ ನಡೆಯಬೇಕೆಂಬುದೂ ನ್ಯಾಯವೇ. ನಾಣ್ಯದ ಕಾವಲಿಗೆ ಕೂರಿಸಿದವನನ್ನು ಕೇಳದೆ ನಾಣ್ಯದ ಬೆಲೆ ಬದಲಿಸಬಾರದೆಂಬುದೂ ನ್ಯಾಯವೇ. ಆದರೆ ಪುಸ್ತಕದ ತಾರೀಖನ್ನು ಮರೆಯಬಾರದು. ಇದು ಬೆಳಕು ಕಂಡಾಗ ರಾಮರಾಯರೂ ಇಲ್ಲ, ಕೃಷ್ಣಮಾಚಾರಿಯವರೂ ಇಲ್ಲ, ನೆಹರೂ ಅವರೂ ಇಲ್ಲ. 1967ಕ್ಕೆ ಮುಗಿಯುವ ಕಥೆ ಓದುಗನನ್ನು ತಲಪಲು 31 ವರ್ಷ ಹಿಡಿಯಿತು. ಯಾರನ್ನೂ ನೋಯಿಸದ ಕಾಲ ಬಂದ ಮೇಲೆ ಸತ್ಯ ಹೇಳುವುದು ಇತಿಹಾಸಕಾರನಿಗೆ ಸಾಲುತ್ತದೆ, ಠೇವಣಿದಾರನಿಗೆ ಸಾಲದು.

ಇದರ ಬದಿಯಲ್ಲಿ ಇನ್ನೊಂದು ರಾಜೀನಾಮೆಯನ್ನಿಟ್ಟು ನೋಡಬೇಕು. 2018ರ ದಶಂಬರ 10ರಂದು ಗವರ್ನರ್ ಊರ್ಜಿತ್ ಪಟೇಲರು ಹುದ್ದೆ ಬಿಟ್ಟರು. ಕೆಲವೇ ಸಾಲುಗಳ ಒಕ್ಕಣೆ. ವೈಯಕ್ತಿಕ ಕಾರಣ, ಸಹೋದ್ಯೋಗಿಗಳಿಗೆ ಕೃತಜ್ಞತೆ, ಮುಗಿಯಿತು. ಬ್ಯಾಂಕಿಗೂ ಸರಕಾರಕ್ಕೂ ತಿಂಗಳುಗಳಿಂದ ತಿಕ್ಕಾಟ ನಡೆದಿತ್ತೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಮಾಹಿತಿ ಹಕ್ಕಿನ ಕಾಯಿದೆ ಬಂದು 13 ವರ್ಷವಾದ ಮೇಲೆ ಬರೆದ ಈ ಪತ್ರ, ಅಂಥ ಕಾಯಿದೆಯ ಕನಸೂ ಇಲ್ಲದ 1957ರ ಜಗಳಕ್ಕಿಂತ ಕಡಮೆ ಹೇಳುತ್ತದೆ. ತೆರೆದ ಕಿಟಕಿಗಳು ಹೆಚ್ಚಿದಂತೆ ಒಳಗಿನವರು ಪಿಸುದನಿಗೆ ಇಳಿದರೇನೋ.

ಇನ್ನು 2016ರ ನವೆಂಬರ್ 8ರ ಸಭೆಯ ನಡವಳಿ. ಗದ್ಯವಾಗಿ ಇದು ಬಹಳ ವಿಚಿತ್ರವಾದ ಬರಹ. ಅಂದು ಸಂಜೆ 5.30ಕ್ಕೆ ದೆಹಲಿಯಲ್ಲಿ ಬ್ಯಾಂಕಿನ ಕೇಂದ್ರ ಮಂಡಳಿ ಸೇರಿತು. ರಾತ್ರಿ 8ಕ್ಕೆ ಪ್ರಧಾನಿಯವರು 500 ಮತ್ತು 1,000 ರೂಪಾಯಿ ನೋಟುಗಳ ರದ್ದತಿಯನ್ನು ದೇಶಕ್ಕೆ ಸಾರಿದರು. ನಡವಳಿ ಜನರ ಕೈಗೆ ಬಂದದ್ದು 2019ರ ಮಾರ್ಚಿನಲ್ಲಿ, ಮಾಹಿತಿ ಹಕ್ಕಿನ ಕಾರ್ಯಕರ್ತ ವೆಂಕಟೇಶ್ ನಾಯಕರು ಬೆನ್ನುಹತ್ತಿದ ಮೇಲೆ. ಅದರಲ್ಲಿ ನಿರ್ದೇಶಕರ ಅಭಿಪ್ರಾಯಗಳು ಒಂದೊಂದಾಗಿ ಬರುತ್ತವೆ. ಕಪ್ಪುಹಣದ ಬಹುಭಾಗ ನೋಟಿನಲ್ಲಿಲ್ಲ, ಭೂಮಿ ಚಿನ್ನಗಳಲ್ಲಿದೆ. ಖೋಟಾನೋಟಿನ ಪಿಡುಗು ಚಿಂತೆಯದೇ, ಆದರೆ 400 ಕೋಟಿಯೆಂಬುದು ಒಟ್ಟು ಚಲಾವಣೆಯ ಮುಂದೆ ದೊಡ್ಡದಲ್ಲ. ಆ ವರ್ಷದ ಉತ್ಪನ್ನಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದೀತು. ಇಷ್ಟನ್ನೂ ಹೇಳಿದ ಮೇಲೆ, ವಿಷಯ ಆರು ತಿಂಗಳಿಂದ ಸರಕಾರದೊಡನೆ ಚರ್ಚೆಯಲ್ಲಿತ್ತೆಂಬ ಭರವಸೆ. ಅದರ ಬೆನ್ನಿಗೇ ಸಾರ್ವಜನಿಕ ಹಿತದ ದೃಷ್ಟಿಯಿಂದ ಒಪ್ಪಿಗೆ.

ನಾಟಕ ನೋಡಿ ಅಭ್ಯಾಸವಿರುವ ಯಾರೂ ಇಲ್ಲೊಂದು ದೃಶ್ಯ ಬಿಟ್ಟುಹೋಗಿದೆಯೆಂದು ಹೇಳಿಯಾರು. ಪಾತ್ರವೊಂದು ಬೇಡ, ಬೇಡ ಎಂದು ಮೂರು ಮಾತಾಡಿ ನಾಲ್ಕನೆಯ ಮಾತಿಗೆ ಹೂಂ ಎಂದರೆ, ಆ ನಡುವೆ ರಂಗದ ಮೇಲೆ ಏನಾದರೂ ನಡೆದಿರಬೇಕು. ಆ ಆರು ತಿಂಗಳಲ್ಲಿ ಯಾರು ಏನೆಂದರು? ಆಕ್ಷೇಪ ಕರಗಿದ್ದು ವಾದದಿಂದಲೆ, ಒತ್ತಡದಿಂದಲೆ? ನಡವಳಿ ಪ್ರಕಟವಾಗಿದೆ, ದೃಶ್ಯ ಪ್ರಕಟವಾಗಿಲ್ಲ. ಬಂಟ್ವಾಳ ಪೇಟೆಯಲ್ಲಿ ಬಿಸಿಲಿಗೆ ಸಾಲು ನಿಂತವರಲ್ಲಿ ನಾನೂ ಒಬ್ಬ. ನನ್ನ ಮುಂದಿದ್ದ ಮುದುಕಿಯೊಬ್ಬಳು ಬೀಡಿ ಕಟ್ಟಿದ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಿದ್ದಳು. ಮರಳಿ ಬಂದ ನೋಟುಗಳ ಎಣಿಕೆಗೂ ಜನ ಎಷ್ಟು ಕೇಳಬೇಕಾಯಿತು! ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ, ಅಂದರೆ ಶೇಕಡ 99.3, ಬ್ಯಾಂಕಿಗೆ ಮರಳಿತೆಂಬ ಕೊನೆಯ ಲೆಕ್ಕ 2018ರ ಆಗಸ್ಟಿನ ವಾರ್ಷಿಕ ವರದಿಯಲ್ಲಿ ಬಂತು.

ಒಂದು ಕಡೆ ಸುಧಾರಣೆಯಾಗಿದೆಯೆಂಬುದನ್ನು ಒಪ್ಪಬೇಕು. 2016ರಿಂದ ಬಡ್ಡಿಯ ದರವನ್ನು ಆರು ಮಂದಿಯ ಸಮಿತಿ ಗೊತ್ತುಮಾಡುತ್ತದೆ. ಯಾರು ಯಾವ ಕಡೆ ಮತವಿತ್ತರು, ಏಕೆ ಇತ್ತರು ಎಂಬುದು ಹದಿನಾಲ್ಕನೆಯ ದಿನ ಅವರವರ ಹೆಸರಿನೊಡನೆ ಹೊರಬರುತ್ತದೆ. ಭಿನ್ನಮತವನ್ನು ಹೆಸರು ಹಾಕಿ ಬರೆಯುವ ಗದ್ಯಕ್ಕೆ ತಾನಾಗಿ ಬೆನ್ನೆಲುಬು ಬರುತ್ತದೆ. ಓದಲು ಶುಷ್ಕ, ಆದರೆ ಪ್ರಾಮಾಣಿಕ. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ರಿಸರ್ವ್ ಬ್ಯಾಂಕಿನ ಕನ್ನಡವೆಂದು ನಮ್ಮೆಲ್ಲರ ಕಿಸೆಯಲ್ಲಿರುವುದು ಒಂದೇ ಸಾಲು: ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಮೇಲಿಂದ ನಾಲ್ಕನೆಯದು. ಅಲ್ಲಿ ಮೊತ್ತ ಮಾತ್ರ ಕನ್ನಡದಲ್ಲುಂಟು. ಆ ಮೊತ್ತವನ್ನು ಕೊಡುತ್ತೇನೆಂಬ ಗವರ್ನರರ ವಚನ ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರ. ಮಕ್ಕಳಿಗೂ ತಿಳಿಯುವ ಕನ್ನಡ ಬರೆದ ಪಂಜೆ ಮಂಗೇಶರಾಯರು ಹುಟ್ಟಿದ ಊರಿನವನಾದ ನನಗೆ ಇದು ಸಣ್ಣ ವಿಷಯವಾಗಿ ತೋರುವುದಿಲ್ಲ.

ಆದರೆ ನಿಜವಾದ ಬೀಗ ಬೇರೆ ಕಡೆಯಿದೆ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳನ್ನು ತಪಾಸಣೆ ಮಾಡಿ ವರದಿ ಬರೆಯುತ್ತದೆ. ಯಾವ ಬ್ಯಾಂಕಿನ ಅಡಿಪಾಯ ಕುಸಿಯುತ್ತಿದೆಯೆಂಬುದು ಆ ವರದಿಯಲ್ಲುಂಟು. ಗುಜರಾತಿನ ಒಂದು ಸಹಕಾರಿ ಬ್ಯಾಂಕಿನ ಬಗ್ಗೆ ಜಯಂತಿಲಾಲ್ ಮಿಸ್ತ್ರಿ ಎಂಬವರು ಕೇಳಿದಾಗ, ಬ್ಯಾಂಕುಗಳು ನಮ್ಮನ್ನು ನಂಬಿ ಒಪ್ಪಿಸಿದ ಮಾಹಿತಿಯಿದು, ನಾವು ವಿಶ್ವಸ್ತರು, ಕೊಡಲಾಗದು ಎಂದು ಉತ್ತರ ಬಂತು. 2015ರ ದಶಂಬರ 16ರಂದು ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು; ರಿಸರ್ವ್ ಬ್ಯಾಂಕಿನ ಹೊಣೆ ಜನರಿಗೆ, ತಪಾಸಣೆಗೊಳಗಾದ ಬ್ಯಾಂಕುಗಳಿಗಲ್ಲ ಎಂದಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ದೇವಸ್ಥಾನದ ಮೊಕ್ತೇಸರ ಲೆಕ್ಕ ಕೊಡಬೇಕಾದ್ದು ಊರ ಹತ್ತು ಸಮಸ್ತರಿಗೆ, ಉಗ್ರಾಣದ ಗುತ್ತಿಗೆದಾರನಿಗಲ್ಲ. ಅನಂತರವೂ ಕೊಡಲಾಗದ ಮಾಹಿತಿಗಳ ಉದ್ದನೆಯ ಪಟ್ಟಿ ಬಂತು. 2019ರ ಏಪ್ರಿಲಿನಲ್ಲಿ ನ್ಯಾಯಾಲಯ ಗದರಿಸಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಮತ್ತೊಂದು ಪೀಠ, ಖಾಸಗಿತನದ ಹಕ್ಕನ್ನು ಹಿಂದಿನ ತೀರ್ಪು ತೂಗಿಲ್ಲವೆಂದು, ಬ್ಯಾಂಕುಗಳ ತಕರಾರಿಗೆ ಬಾಗಿಲು ತೆರೆಯಿತು.

ಗುಟ್ಟಿನ ಪಕ್ಷದಲ್ಲೂ ಗಟ್ಟಿಯಾದ ಮಾತುಂಟು. ಬ್ಯಾಂಕೆಂಬುದು ನಂಬಿಕೆಯ ಮೇಲೆ ನಿಂತದ್ದು. ಗಾಳಿಮಾತಿಗೆ ಗಟ್ಟಿ ಬ್ಯಾಂಕೂ ಉರುಳೀತು. ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ಈ ಕರಾವಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. 1960ರ ಆಗಸ್ಟಿನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಅಲ್ಲಿನ ಬೇರೆ ಬ್ಯಾಂಕುಗಳ ಮುಂದೆಯೂ ಜನ ಮುತ್ತಿದರು. ಆ ಭೀತಿಯ ಬೆನ್ನಿಗೆ ಸಣ್ಣ ಬ್ಯಾಂಕುಗಳನ್ನು ಕೂಡಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಬಂತು. 1963ರಿಂದ 1968ರೊಳಗೆ ನಮ್ಮ ವಿಜಯಾ ಬ್ಯಾಂಕೊಂದೇ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಒಳಗೊಂಡಿತು. (ಆ ವಿಜಯಾ ಬ್ಯಾಂಕೂ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಕರಗಿತು.) ಆದರೆ ಪಾಲಾಯಿಯ ಪ್ರಕರಣಕ್ಕೆ ಇನ್ನೊಂದು ಮುಖವುಂಟು. ಆ ಬ್ಯಾಂಕಿನ ದೌರ್ಬಲ್ಯ ರಿಸರ್ವ್ ಬ್ಯಾಂಕಿಗೆ ಎಷ್ಟೋ ವರ್ಷ ಮೊದಲೇ ತಪಾಸಣೆಯಿಂದ ತಿಳಿದಿತ್ತು. ತಿಳಿಯದಿದ್ದುದು ಠೇವಣಿಯಿಟ್ಟವರಿಗೆ.

60 ವರ್ಷಗಳ ಅನಂತರ, 2020ರ ಜನವರಿಯಲ್ಲಿ, ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಖಾತೆದಾರರಲ್ಲಿ ಬಹುಮಂದಿ ಹಿರಿಯರು, ನಿವೃತ್ತರು. ಜೀವಮಾನದ ಉಳಿತಾಯವನ್ನು ಬಡ್ಡಿಯ ಆಸೆಗಿಂತ ಹೆಚ್ಚಾಗಿ ವಿಶ್ವಾಸದಿಂದ ಇಟ್ಟವರು. ವಿಮೆಯ ಮಿತಿ ಆಗ ಒಂದು ಲಕ್ಷ. ಮರುತಿಂಗಳು ಐದು ಲಕ್ಷವಾಯಿತು. ಸಭೆ ಸೇರಿದ ಅವರ ಪ್ರಶ್ನೆ ಪಾಲಾಯಿಯವರದೇ: ಪರೀಕ್ಷಿಸುವವರಿಗೆ ಯಾವಾಗ ತಿಳಿಯಿತು, ನಮಗೇಕೆ ತಿಳಿಸಲಿಲ್ಲ?

ಇಂದಿನ ತಪಾಸಣೆಯ ವರದಿಯನ್ನು ನಾಳೆಯೇ ಬೀದಿಯಲ್ಲಿ ಓದಿರೆಂದು ನಾನು ಹೇಳಲಾರೆ. ಅದರಿಂದ ಬಡವನ ದುಡ್ಡಿಗೇ ಮೊದಲು ಕುತ್ತು. ಆದರೆ ಐದು ವರ್ಷ ದಾಟಿದ ವರದಿಗೆ ಬೀಗವೇಕೆ? ಬಾಗಿಲು ಮುಚ್ಚಿದ ಬ್ಯಾಂಕಿನ ವರದಿಯಿಂದ ಇನ್ನಾವ ನಂಬಿಕೆ ಕೆಟ್ಟೀತು? 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಟ್ಟವನ ಮುಂದೆಯೇ ಏಜಂಟನು ಮೊತ್ತ ಬರೆದು ತೋರಿಸಬೇಕಾಗಿತ್ತು. ಎರಡಾಣೆಗಿದ್ದ ಆ ಮರ್ಯಾದೆಯನ್ನು ಬಸವನಗುಡಿಯ ನಿವೃತ್ತರು ಕೇಳುತ್ತಿದ್ದಾರೆ. ಬ್ಯಾಂಕು ಅವರಿಗೆ ಈವರೆಗೆ ಕೊಟ್ಟಿರುವುದು ಪತ್ರಿಕಾ ಪ್ರಕಟಣೆಗಳನ್ನು, ಸುತ್ತೋಲೆಗಳನ್ನು. ತಪಾಸಣೆಯ ಗ್ರಂಥ ಇನ್ನೂ ಗರ್ಭಗುಡಿಯಲ್ಲಿಯೇ ಇದೆ.