ಪಾರಿವಾಳವೂ ಚೆಂಡೂ: ಸಂಕಲ್ಪಸ್ವಾತಂತ್ರ್ಯದ ವಿಚಾರ

ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು (ನಿಧನ 1912) ತೆಲುಗಿನಲ್ಲಿ ರಚಿಸಿದ 'ವಿಷಾದ ಸಾರಂಗಧರ'ವೂ, ಕುರುಗೋಡನ್ನು ದಾಟಿದರೆ ಸಿಕ್ಕುವ ಕಂಪ್ಲಿಯ ರಾಜಕುಮಾರನನ್ನು ಕುರಿತ ನಂಜುಂಡಕವಿಯ 'ರಾಮನಾಥ ಚರಿತೆ'ಯೂ ಒಟ್ಟಿಗಿಟ್ಟು ಓದತಕ್ಕವು. ಎರಡು ಕಥೆಗಳ ಬೀಜವೂ ಒಂದೇ. ಒಂದರಲ್ಲಿ ಪಾರಿವಾಳ, ಇನ್ನೊಂದರಲ್ಲಿ ಚೆಂಡು ಮಲತಾಯಿಯ ಮನೆಯನ್ನು ಹೊಗುವುದು. ಅದನ್ನರಸಿ ಹೋದ ಕುಮಾರನು ಆಕೆಯ ಮೋಹವನ್ನು ನಿರಾಕರಿಸುವನು. ಆಕೆಯ ದೂರನ್ನು ನಂಬಿದ ಅರಸನು ಮಗನಿಗೆ ಘೋರಶಿಕ್ಷೆಯನ್ನು ವಿಧಿಸುವನು.

ಇಂತಹ ಕಥೆಗಳನ್ನು ಮನಶ್ಶಾಸ್ತ್ರದ ನೆರವಿನಿಂದ ಓದುವವರ ರೂಢಿಯೊಂದು ನನಗೆ ಒಪ್ಪಿಗೆಯಾಗದು. ಚಿತ್ರಾಂಗಿಯ ಮೋಹಕ್ಕೆ ಅವರು ಫ್ರಾಯ್ಡನ ಸುಪ್ತಚಿತ್ತವನ್ನು ಕಾರಣವಾಗಿ ಹೇಳುವರು. ಸಾರಂಗಧರನ ನಿರಾಕರಣೆಗೆ ಮಾತ್ರ ಸ್ವತಂತ್ರ ಸಂಕಲ್ಪವೆಂಬ ಕೀರ್ತಿ! ಬಾಯಿತಪ್ಪಿ ಆಡಿದ ಮಾತಿಗೂ ಕಾರಣವುಂಟೆಂದ ಫ್ರಾಯ್ಡನು ಶೀಲಕ್ಕೆ ವಿನಾಯಿತಿಯನ್ನು ಕೊಡುತ್ತಿದ್ದನೇ? 1913ರಲ್ಲಿ ವರ್ತನವಾದವನ್ನು ಸಾರಿದ ವಾಟ್ಸನನ ಪಕ್ಷದಲ್ಲಂತೂ ಮೋಹವೂ ಶೀಲವೂ ಅಭ್ಯಾಸದ ಫಲಗಳೇ. ರೋಜರ್ಸ್ ಮೊದಲಾದ ಮಾನವತಾವಾದಿಗಳನ್ನು ಅನುಸರಿಸಿದರೆ ಆಯ್ಕೆಯು ಆಕೆಗೂ ಉಂಟು, ಹೊಣೆಯೂ ಉಂಟು. ಯಾವ ಪಕ್ಷವನ್ನಾದರೂ ಹಿಡಿಯಲಿ. ಒಂದೇ ನಾಟಕದಲ್ಲಿ ಹೆಣ್ಣಿಗೊಂದು ಶಾಸ್ತ್ರ, ಗಂಡಿಗೊಂದು ಶಾಸ್ತ್ರ ಸಲ್ಲದು.

ಕಥೆಯ ಒಂದು ಪಾಠದಲ್ಲಿ ಚಿತ್ರಾಂಗಿಯು ಮೊದಲು ಸಾರಂಗಧರನಿಗೆಂದೇ ಗೊತ್ತಾದವಳು. ಅರಸನು ತಾನೇ ಆಕೆಯನ್ನು ವರಿಸಿದನು. ಅಲ್ಲಿ ಸುಪ್ತಚಿತ್ತದ ಶೋಧವೇ ಅನಾವಶ್ಯಕ. ಆಕೆಯ ಆಯ್ಕೆಯನ್ನು ಕಸಿದವರಾರೆಂಬುದು ಹಗಲಿನಷ್ಟು ಸ್ಪಷ್ಟ.

ಇನ್ನು ಕುಮಾರರಾಮನ ಕಥೆಯಲ್ಲಿ ಕಂಪಿಲರಾಯನ ಆಜ್ಞೆಯನ್ನು ಮೀರಿ, ಬೇರೊಂದು ತಲೆಯನ್ನು ತೋರಿಸಿ, ಕುಮಾರನನ್ನು ಗುಟ್ಟಾಗಿ ಅಡಗಿಸಿದವನು ಮಂತ್ರಿ ಬೈಚಪ್ಪ. ಸಂಕಲ್ಪಸ್ವಾತಂತ್ರ್ಯವನ್ನು ಅರಸುವ ವಿಮರ್ಶಕರು ಅವನನ್ನೇಕೆ ಮರೆಯುವರೋ ತಿಳಿಯದು.